ಐದರಲ್ಲಿ ಎರಡು ಗೆರೆ

ಲಿಯೆಪಾಯದಲ್ಲಿ, ಸಮುದ್ರದ ಗಾಳಿ ನೇರ ಬಂದು ಬಡಿಯುವ
ಒಂಬತ್ತು ಮಹಡಿಯ ಕಟ್ಟಡದ ಆರನೆಯದರಲ್ಲಿ ನಾವು.
ಅಪ್ಪ ಅಮ್ಮ ಕೋರ್ಟಿನಲ್ಲಿ ಬೇರೆಯಾಗಿ ಹದಿನಾಲ್ಕು ತಿಂಗಳು.
ಬೇರೆ ಮನೆ ಹಿಡಿಯಲು ಇಬ್ಬರ ಹತ್ತಿರವೂ ದುಡ್ಡಿಲ್ಲ.
ಬಂದರು ಕಾಣುವ ಕೋಣೆ ಗುಂಟಿಸ್‌ಗೆ,
ಅಡುಗೆಮನೆ ಪಕ್ಕದ್ದು ವೆಲ್ಗಾಗೆ.
ಕಾಗದದಲ್ಲಿ ಹಾಗೆ ಹೆಸರು ಹಿಡಿದೇ ಬರೆದಿತ್ತು,
ಆಮೇಲೆ ನಾನೂ ಮನಸ್ಸಿನೊಳಗೆ ಹಾಗೇ ಕರೆಯತೊಡಗಿದೆ.
ನನಗೆ ಹದಿಮೂರು. ನನ್ನ ಪಾಲಿಗೆ ನಡುವಿನ ಸೋಫಾ.

ಉಂಡು ಮಲಗಿದರೆ ಮುಗಿಯುವ ಜಗಳವಲ್ಲ ಅದು;
ಬೇರೆ ಬೇರೆ ಉಂಡು ಬೇರೆ ಬೇರೆ ಮಲಗುವವರು
ಅದನ್ನು ಎಲ್ಲಿ ಇಳಿಸಬೇಕು?

ಫ್ರಿಜ್ಜಿನಲ್ಲಿ ಎರಡು ಬೆಣ್ಣೆ. ಕರೆಂಟು ಬಿಲ್ಲು ಅರ್ಧರ್ಧ.
ಇಂಟರ್ನೆಟ್ಟನ್ನು ಮಾತ್ರ ಸೀಳಲು ಬರಲಿಲ್ಲ.
ಗೋಡೆಯಿಂದ ಹೊರಟದ್ದು ಒಂದೇ ತಂತಿ,
ಅದೂ ಗುಂಟಿಸ್‌ನ ಮೇಜಿನ ಕೆಳಗೆ.

ವೆಲ್ಗಾಗೆ ಕೆಲಸ ಸಿಕ್ಕಿತು: ಔಷಧಿ ಡಬ್ಬಿಯೊಳಗಿನ ಚೀಟಿಗಳನ್ನು
ಜರ್ಮನ್ನಿನಿಂದ ನಮ್ಮ ಭಾಷೆಗೆ ತರುವುದು.
ರಾತ್ರಿಯೇ ಕಳಿಸಬೇಕು. “ಕೇಳು ಅವನನ್ನ” ಅಂದಳು ನನಗೆ.
“ತಗೊಳ್ಳಲಿ” ಅಂದ ಅವನು, ನನಗೇ. “ಆದರೆ ತಂತಿ ಎಳೀಬೇಡಿ.
ಬಾಗಿಲು ಮುಚ್ಚಕ್ಕಾಗಲ್ಲ.”

ಟ್ರಾಮ್ ಹತ್ತದೆ ಉಳಿಸಿದ ಚಿಲ್ಲರೆ, ಗೆಳತಿಯ ಅಣ್ಣನ ಎರಡು ಹಳೇ ವೈರ್‌ಲೆಸ್ ಕಡ್ಡಿ.
ಒಂದು ಯಂತ್ರಕ್ಕೆ ಕೊನೆಯ ಅಂಕಿ ಒಂದು, ಇನ್ನೊಂದಕ್ಕೆ ಎರಡು.
ಈ ಸಂಪರ್ಕವನ್ನು ಬೇರೆಯವರೂ ಬಳಸಲು ಬಿಡುವಿರಾ,
ಎಂದು ಪರದೆ ಕೇಳಿತು. ಒಂದು ಚೌಕ, ಅದರೊಳಗೊಂದು ಸರಿ ಗುರುತು.
ಕೋರ್ಟಿನಲ್ಲಿ ಯಾರೂ ಇಷ್ಟು ಸುಲಭವಾಗಿ ಕೇಳಿರಲಿಲ್ಲ.

ಗುಟ್ಟಿನ ಪದಕ್ಕೆ ಐದೇ ಅಕ್ಷರ.
ಸತ್ತುಹೋದ ನಮ್ಮ ನಾಯಿಯ ಹೆಸರು ಸರಿಯಾಗಿ ಐದಿತ್ತು.
ಚೀಟಿಯಲ್ಲಿ ಬರೆದು ಇಬ್ಬರಿಗೂ ಕೊಟ್ಟೆ.
ಇಬ್ಬರೂ ಓದಿದರು, ಟೈಪು ಮಾಡಿದರು, ಏನೂ ಅನ್ನಲಿಲ್ಲ.

ಕಾಂಕ್ರೀಟು ಗೋಡೆ, ಹೊಟ್ಟೆ ತುಂಬ ಕಬ್ಬಿಣ.
ಐದು ಗೆರೆಯಲ್ಲಿ ಎರಡೇ ದಾಟಿ ಬರುತ್ತಿದ್ದವು.
ಕಡ್ಡಿಯನ್ನು ಕಾಲುಚೀಲದಲ್ಲಿಟ್ಟು ಕಿಟಕಿಯ ಸರಳಿಗೆ ತೂಗುಹಾಕಿದೆ,
ಹಿಂದೆ ಮೀನು ಸುತ್ತುವ ಬೆಳ್ಳಿ ಹಾಳೆ. ಮೂರಾಯಿತು.
ಮೈಕ್ರೋವೇವಿನಲ್ಲಿ ಬೀಟ್‌ರೂಟ್ ಸೂಪು ತಿರುಗುವ ಎರಡು ನಿಮಿಷ
ಇಡೀ ಲೋಕವೇ ಇಲ್ಲ. ಟಿಣ್ ಅಂದರೆ ಮತ್ತೆ ಬರುತ್ತಿತ್ತು.

ಒಂದು ತೊಡಕು ಉಳಿಯಿತು.
ಅವನ ಯಂತ್ರ ಎಚ್ಚರವಿದ್ದರೆ ಮಾತ್ರ ಅವಳದಕ್ಕೆ ದಾರಿ.
ಅವನಿಗೋ ಬೆಳಿಗ್ಗೆ ಐದಕ್ಕೆ ಕ್ರೇನಿನ ಪಾಳಿ, ಹತ್ತಕ್ಕೆ ಆರಿಸುತ್ತಿದ್ದ.
ಅರ್ಧ ಕಳಿಸಿದ ಕಡತದ ಮುಂದೆ ಅವಳು
ಕೈ ಮಡಚಿ ಕೂತಿರುತ್ತಿದ್ದಳು.
ಕೇಳಿಬರಲೇ ಅಂದರೆ ಬೇಡ ಅನ್ನುತ್ತಿದ್ದಳು.

ಅಕ್ಟೋಬರಿನ ಒಂದು ರಾತ್ರಿ ಹತ್ತು ದಾಟಿತು, ಗೆರೆ ಆರಲಿಲ್ಲ.
ಹನ್ನೆರಡೂವರೆಗೆ ಚಳಿಯಾಗಿ ಹೊದಿಕೆಗೆ ಅಂತ ಅವನ ಕೋಣೆಗೆ ಹೋದೆ.
ಬೀಸುಕಲ್ಲಿನಂತೆ ಗುರುಗುಡುವ ಫ್ಯಾನು,
ಕಿವಿಯ ಮೇಲೆ ದಿಂಬು, ಕಣ್ಣು ಮಾತ್ರ ತೆರೆದಿತ್ತು.
ಮೋಡೆಮ್ಮಿನ ಹಸಿರು ದೀಪವನ್ನು ನೋಡುತ್ತ ಮಲಗಿದ್ದ:
ಬೇಗ ಬೇಗ ಮಿಟುಕಿದರೆ ಕಳಿಸುತ್ತಿದ್ದಾಳೆ,
ತಡೆದು ಮಿಟುಕಿದರೆ ಯಾವುದೋ ಪದ ಹುಡುಕುತ್ತಿದ್ದಾಳೆ.
ಮಿಟುಕು ನಿಂತಿತು. ಇನ್ನೂ ಸ್ವಲ್ಪ ಹೊತ್ತು ಕಾದ.
ಎದ್ದು ಆರಿಸಿದ. ನನಗೆ ಹೊದಿಕೆ ಕೊಟ್ಟ.

ಇದನ್ನು ನಾನು ಆಚೆ ಕೋಣೆಗೆ ಒಯ್ಯಲಿಲ್ಲ.
ಎಲ್ಲವನ್ನೂ ಒಯ್ದು ಒಯ್ದು ಸಾಕಾಗಿತ್ತು.

ಏಪ್ರಿಲ್‌ನಲ್ಲಿ ವೆಲ್ಗಾ ತನ್ನದೇ ಲೈನು ಹಾಕಿಸಿಕೊಂಡಳು.
ಏಣಿ ತಂದವನು ಗೋಡೆ ಕೊರೆದು, ಧೂಳು ಬಿಟ್ಟು, ಸಹಿ ಮಾಡಿಸಿಕೊಂಡು ಹೋದ.
ಐದಕ್ಕೆ ಐದು ಗೆರೆ. ಸೂಪು ಬಿಸಿಯಾದರೂ ಅಲುಗಲಿಲ್ಲ.
ಕಾಲುಚೀಲ ಒಗೆಯಲು ಹಾಕಿದೆ.

ಆ ರಾತ್ರಿ ಹತ್ತು ಹೊಡೆಯಿತು, ಹನ್ನೊಂದಾಯಿತು.
ಸೋಫಾದಲ್ಲಿ ಕಿವಿಗೊಟ್ಟು ಮಲಗಿದ್ದೆ.
ಅಪ್ಪನ ಕೋಣೆಯಲ್ಲಿ ಫ್ಯಾನು ಇನ್ನೂ ತಿರುಗುತ್ತಿತ್ತು.