ಸುಮ್ಮನಿದ್ದ ಒಂದು ನಿಮಿಷ

ಕೇಳಬೇಡಿ, ಬರೀ ನೋಡಿ ಅಂದಿದ್ದಳು ನಾತೇಲಾ.
ಜಾರ್ಜಿಯಾದ ಆ ಗಣಿಯೂರಿನಲ್ಲಿ, ಕಣಿವೆಯ ಮೇಲೆ
ತಂತಿಗೆ ಜೋತ ತುಕ್ಕು ಡಬ್ಬಿಗಳು ಹೋಗುತ್ತ ಬರುತ್ತ.
ಅವನ್ನು ನಡೆಸುವಾಕೆ ಲಮಾರಾ.
ನಾವು ಮೂವರು ಅವಳ ಗೋಡೆಯ ಹಲ್ಲಿಗಳು:
ಕ್ಯಾಮೆರಾ ಹಿಡಿದ ಜೂರಾಬ್, ಮಾತಾಡದ ನಾತೇಲಾ,
ಮೈಕಿನ ಕೋಲು ನೆತ್ತಿಯ ಮೇಲೆತ್ತಿ
ತೋಳು ಸೋತ ನಾನು.

ಎರಡು ದಿನ ಹಲ್ಲಿಗಳಾಗಿಯೇ ಇದ್ದೆವು.
ಅವಳು ಸನ್ನೆ ಎಳೆದಳು, ಗಂಟೆ ಒತ್ತಿದಳು,
ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆ ಉಗಿದಳು,
ಯಾರಿಗೋ ಫೋನಿನಲ್ಲಿ ಬೈದಳು.
ಮೂರನೆಯ ದಿನ ಚೀಸಿನ ರೊಟ್ಟಿ ಮುರಿದು
ಸೀದಾ ಲೆನ್ಸಿನ ಕಣ್ಣಿಗೆ ಹಿಡಿದಳು:
"ಗೋಡೇ, ನಿನಗೆ ಹಸಿವಾಗೋದಿಲ್ಲವಾ?"

ಜೂರಾಬ್ ತಿಂದುಬಿಟ್ಟ.
ಚೌಕಟ್ಟಿನೊಳಗೆ ಅವನ ಕೈ ಬಂತು, ಉಗುರಿನ ಕೊಳೆಯೂ ಬಂತು.
ಶಾಟು ಹಾಳಾಯಿತು ಅಂದುಕೊಂಡೆ.
ಆ ರಾತ್ರಿ ನಾತೇಲಾ ಹಾಳಾದದ್ದನ್ನೇ ಏಳು ಸಲ ನೋಡಿ
ಮರುದಿನದಿಂದ ಪ್ರಶ್ನೆ ಕೇಳತೊಡಗಿದಳು.

ರಾಜಧಾನಿಯ ಉಗ್ರಾಣದಿಂದ ಒಂದು ರೀಲು ತಂದಿದ್ದೆವು,
ಹಿಂದಿನ ಸರ್ಕಾರ ತೆಗೆಸಿದ್ದು, ಕಪ್ಪುಬಿಳುಪು, ಹನ್ನೊಂದು ನಿಮಿಷ.
ಅದರಲ್ಲಿ ಕಹಳೆ. ಅದರಲ್ಲೊಂದು ಗಂಡುದನಿ:
"ನೋಡಿ, ಮೊದಲ ಡಬ್ಬಿ ಏರಲಿರುವ ಹೆಂಗಸರ ನಗೆ!"
ಅಶರೀರವಾಣಿಗೆ ಅನುಮಾನ ಬರುವುದಿಲ್ಲ,
ಕೆಮ್ಮೂ ಬರುವುದಿಲ್ಲ.
ಗುಂಪಿನ ಅಂಚಿಗೆ ಲಮಾರಾಳ ತಾಯಿ, ಹತ್ತೊಂಬತ್ತರ ಹುಡುಗಿ.

ಅಡುಗೆಮನೆಯ ಗೋಡೆಗೆ ಹೊದಿಕೆ ಕಟ್ಟಿ ತೋರಿಸಿದೆವು.
"ಆ ಮನುಷ್ಯನ ಬಾಯಿ ಮುಚ್ಚಿಸು" ಅಂದಳು ನನಗೆ.
ದನಿಯ ಗುಂಡಿ ತಿರುಗಿಸಿ ಸೊನ್ನೆಗಿಳಿಸಿದೆ.
ನಗು ಮೆಲ್ಲಗೆ ಕಳಚಿತು.
"ಅಮ್ಮ ನಗುತ್ತಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ.
ಹಲ್ಲು ಕಂಡರೆ ನಗುವೇನು?
ಅವಳಿಗೆ ಎತ್ತರವೆಂದರೆ ಹೆದರಿಕೆ.
ಕಾಲು ಸೋಲುವ ತನಕ ಗಣಿಗೆ ಮೆಟ್ಟಿಲು ಹತ್ತಿಯೇ ಹೋದಳು,
ಆರುನೂರು ಚಿಲ್ಲರೆ ಮೆಟ್ಟಿಲು."

ತಂತಿ ಕೆಟ್ಟು ನಡುಗಣಿವೆಯಲ್ಲಿ ನಿಂತ ಒಂದು ಚಳಿಗಾಲದ ರಾತ್ರಿ.
ಅದನ್ನು ಮತ್ತೆ ಆಡಿಸಿ ಅಂತ ನಿರ್ಮಾಪಕರ ಪತ್ರ.
ಜೂನ್ ತಿಂಗಳು. ಜರಡಿಯಿಂದ ಹಿಟ್ಟು ಉದುರಿಸಿ
ಹಿಮ ಮಾಡಿದೆವು.
ಲಮಾರಾ ಡಬ್ಬಿಯೊಳಗೆ ಕೂತಳು, ಹೇಳಿದಂತೆ ನಡುಗಿದಳು.
ಏನೂ ಆಗಲಿಲ್ಲ.
ಕಟ್ ಅಂದ ಮೇಲೆ, ಯಾರೂ ಹೇಳದೆ,
ಅವಳ ಎಡಗೈ ಪಕ್ಕದ ಖಾಲಿ ಸೀಟಿನ ಕಡೆ ಹೋಗಿ
ಯಾರದೋ ಮಂಡಿ ಹಿಡಿಯುವಷ್ಟು ಎತ್ತರದಲ್ಲಿ ನಿಂತಿತು.
ಕ್ಯಾಮೆರಾ ಆರಿತ್ತು.
ಇನ್ನೊಮ್ಮೆ ಮಾಡಿ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.
ಚಿತ್ರದಲ್ಲಿ ಈಗ ಆ ಹಿಟ್ಟೂ ಇಲ್ಲ, ಆ ಕೈಯೂ ಇಲ್ಲ.

ಕೊನೆಯ ದಿನ ನನ್ನ ಪಾಲಿನ ಕೆಲಸ:
ಕೋಣೆಯ ಬರೀ ಸದ್ದು, ಒಂದು ನಿಮಿಷ.
ಕತ್ತರಿ ಬಿದ್ದಲ್ಲಿ ತೇಪೆಗೆ ಬೇಕಾದ ಬಟ್ಟೆ ಅದು;
ಇಲ್ಲದಿದ್ದರೆ ಎರಡು ಮಾತಿನ ನಡುವೆ
ಪಾಳುಬಾವಿಯಂಥ ಕಿವುಡು.
ಯಾರೂ ಅಲುಗಬೇಡಿ ಅಂದೆ.
ಅಲುಗಲಿಲ್ಲ.
ಹೆಡ್‌ಫೋನಿನಲ್ಲಿ ಒಲೆ. ಗೋಡೆಯಾಚೆ ತಂತಿಯ ಗುಂಯ್.
ಜೂರಾಬನ ಹೊಟ್ಟೆ.
ಲಮಾರಾಳ ಉಸಿರು, ಅದರ ತುದಿಗೊಂದು ಸಣ್ಣ ಸಿಳ್ಳೆ.
ಇಷ್ಟು ದಿನದಲ್ಲಿ ಅವಳು ನಮಗೆಂದು
ಏನನ್ನೂ ಮಾಡದೆ ಇದ್ದದ್ದು ಅದೊಂದೇ ನಿಮಿಷ.

ಈಗ ನೂರಾ ನಲವತ್ತು ಗಂಟೆಗಳು ಎಪ್ಪತ್ತೆರಡು ನಿಮಿಷವಾಗಿವೆ.
ಮಂಗಳವಾರದ ಪ್ರಶ್ನೆಗೆ ಭಾನುವಾರದ ಉತ್ತರ
ಹೇಳಿ ಮಾಡಿಸಿದ ಹಾಗೆ ಕೂತಿದೆ.
ಸುಳ್ಳಲ್ಲ.
ನಿಜವೇ ಅಂತ ಕೇಳಿದರೆ
ಯಾವ ಹಲ್ಲಿಯೂ ಲೊಚಗುಟ್ಟುವುದಿಲ್ಲ.

ಹೊಲಿಗೆಹೊಲಿಗೆಯ ಅಡಿಯಲ್ಲೂ ಆ ನಿಮಿಷದ ಚೂರು ಹಾಸಿದ್ದೇನೆ.
ಒಂದು ಕಡೆ ಕೆಮ್ಮು ಕೇಳುತ್ತದೆ, ನನ್ನದು.
ತೆಗೆದುಬಿಡು ಅಂದಳು ನಾತೇಲಾ.
ತೆಗೆದೆ ಅಂದೆ.