ಡೋನ್ಯಲನ ಫೈಲು

ಡೋನ್ಯಲ್ ನಿವೃತ್ತನಾಗಿ ಮೀನು ಹಿಡಿಯಲು ಹೋದ.
ಟೋರ್ಸ್‌ಹಾವ್ನ್ ಬಂದರಿನ ಕಚೇರಿಯಲ್ಲಿ
ಅವನ ಕುರ್ಚಿ ನನಗೆ ಬಂತು, ಕಾಫಿ ಕಲೆಯ ಸಮೇತ.
ಅವನು ಬರೆದ ‘ಉಬ್ಬರ’ ಎಂಬ ಟೈಪೂ ಬಂತು,
ಆರು ವರ್ಷದ್ದು, ನಾಲ್ಕುನೂರು ಸಾಲು.

ನನಗೆ ಬೇಕಾದದ್ದು ಸಣ್ಣದು:
ನೋಲ್ಸೋಯ್ ದೋಣಿ ಎಷ್ಟು ಹೊತ್ತಿಗೆ ಬಿಟ್ಟರೆ
ಸೆಳವಿಗೆ ಸಿಗದೆ ದಾಟೀತು?
ನನ್ನದೇ ಫೈಲು ತೆರೆದು, ಅವನ ಟೈಪಿಗೆ
ಒಂದು ಎಕ್ಸ್‌ಟೆನ್ಷನ್ ಕಟ್ಟಿದೆ.
ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ.
ಹೊಸ ಕೆಲಸ ಎಷ್ಟು ಬೇಕಾದರೂ ಕಲಿಸು,
ಹೊಸ ಸ್ವತ್ತು ಮಾತ್ರ ಇಡುವ ಹಾಗಿಲ್ಲ:
ನೆಂಟರು ಕೈಬೀಸಿಕೊಂಡು ಬರಬೇಕು,
ಪೆಟ್ಟಿಗೆ ತಂದಿಡಬಾರದು.

ಕಂಪೈಲರ್ ತಡೆಯಿತು.
‘ತಿದ್ದುಪಡಿ’ ಪ್ರೈವೇಟ್, ನಿನಗೆ ನಿಲುಕದು.
ಇಲ್ಲ ಅಂದಿದ್ದರೆ ಸುಮ್ಮನಾಗುತ್ತಿದ್ದೆ.
ಇದೆ ಅನ್ನುತ್ತದೆ, ಕೊಡುವುದಿಲ್ಲ.

ಅದೇ ಟೈಪಿನ ಮೈಯೊಳಗೆ ನಿಂತು ಬರೆಯುತ್ತಿದ್ದೇನೆ,
ನಾನು ಅಂದರೆ ಅದೇ ಓಗೊಡುತ್ತದೆ,
ಆದರೂ ಒಳಕೋಣೆಗೆ ಹೊರಗಿನವಳು,
ಬೇರೆ ಫೈಲಿನವಳು ಎಂಬ ಒಂದೇ ಕಾರಣಕ್ಕೆ.
ಬೀಗ ಕಣ್ಣಿಗಲ್ಲ, ಕೈಗೆ.

ಪಕ್ಕದ ಮೇಜಿನ ಸುನ್ವರ್ ಅಂದಳು,
“ಆ ಪದ ಅಳಿಸಿಬಿಡು ರನ್ವಾ,
ಏಳೇ ಅಕ್ಷರ, ಯಾರು ಕೇಳ್ತಾರೆ?”
ಬೆರಳು ಹೋಯಿತು ಕೂಡ.
ಎರಡೂ ಕೈಯಲ್ಲಿ ನಕ್ಷೆ ಹಿಡಿದ ಡೋನ್ಯಲ್
ಬಾಗಿಲನ್ನು ಕಾಲಿನಿಂದ, ಸದ್ದಾಗದಂತೆ,
ಮುಚ್ಚುತ್ತಿದ್ದದ್ದು ನೆನಪಾಯಿತು.

ನನ್ನ ಹನ್ನೆರಡು ಸಾಲನ್ನೇ ಎತ್ತಿಕೊಂಡು
ಅವನ ಫೈಲಿಗೆ ಹೋದೆ.
ಅವನ ಕೊನೆಯ ಆವರಣದ ಕೆಳಗೆ
ಒಂದು ಸಾಲು ಜಾಗ ಬಿಟ್ಟು ಇಳಿಸಿದೆ.
ಕಂಪೈಲರ್ ಚಕಾರವೆತ್ತಲಿಲ್ಲ.
ಒಂದೇ ಸೂರಿನಡಿ ಮಲಗಿದವರಿಗೆ
ಒಳಕೋಣೆಯೂ ಮನೆಯೇ.
ಅದಕ್ಕೆ ಗೊತ್ತಿರುವ ನ್ಯಾಯ ಅಷ್ಟು.

ಆಗ ಕಂಡಿತು, ನೂರಾ ಮೂರನೆಯ ಸಾಲಿನಲ್ಲಿ:
ತಿದ್ದುಪಡಿ, ಹನ್ನೊಂದು.
ಬದಿಗೆ ಅವನ ಟಿಪ್ಪಣಿ:
“ಪಟ್ಟಿ ಹೇಳುವುದಕ್ಕಿಂತ ಹನ್ನೊಂದು ನಿಮಿಷ ಮೊದಲೇ
ಇಲ್ಲಿ ನೀರು ತಿರುಗುತ್ತದೆ.
ತಮ್ಮನಿಗೆ ಗೊತ್ತಿರಲಿಲ್ಲ.
ಯಾರೂ ಮುಟ್ಟಬೇಡಿ.”

ಸುನ್ವರ್ ಏನು ಎಂದಳು.
ಏನಿಲ್ಲ ಎಂದೆ.

ನನ್ನ ಫಂಕ್ಷನ್ನಿನ ಮುಂದೆ ಪಬ್ಲಿಕ್ ಎಂದು ಬರೆದೆ.
ಹನ್ನೊಂದು ಇದ್ದಲ್ಲೇ ಇತ್ತು.

ಬೆಳಿಗ್ಗೆ ಮಂಜು. ದೋಣಿಯ ಹೈನಿ
ಹಲಗೆಯ ಮೇಲಿನ ಹೊತ್ತು ನೋಡಿದ:
ಏಳು ಇಪ್ಪತ್ತರ ಬದಲು ಏಳು ಒಂಬತ್ತು.
“ಇದ್ಯಾಕೆ ಇವತ್ತು ಇಷ್ಟು ಬೇಗ?” ಎಂದು ಗೊಣಗಿ,
ಯಾರದೋ ಕುರಿಮರಿಯನ್ನು ಹತ್ತಿಸಿಕೊಂಡು,
ಹಗ್ಗ ಬಿಚ್ಚಿದ.