ನೂಲಳತೆ

ಜಿದ್ದಾದಿಂದ ಸಿಂಗಾಪುರಕ್ಕೆ ಎಷ್ಟು ದೂರ
ಎಂದು ಮೊಯ್ದು ಕೇಳಿದ್ದು ನನ್ನನ್ನು,
ವಿರಾಜಪೇಟೆಯಿಂದ ಮಡಿಕೇರಿ ಮುಟ್ಟುವುದರೊಳಗೆ
ಎರಡು ಸಲ ವಾಂತಿ ಮಾಡುವವಳನ್ನು.

ತಮ್ಮನಿಗೆ ಹತ್ತೇ ದಿನ ರಜೆ.
ಅಲ್ಲಿ ಜಸೀಲಾಳಿಗೆ ಚೊಚ್ಚಲು, ಹತ್ತಿರ ಯಾರೂ ಇಲ್ಲ.
ಊರಿಗೆ ಮುಂದಿನ ವರ್ಷ ಬರ್ತೇನೆ, ಇತ್ತಾ, ಬೇಜಾರಾ?
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ.
ಉಹೂಂ ಅಂದೆ.

ಪಕ್ಕದ ಬೇಕರಿಯ ಹುಡುಗನ ಭೂಗೋಳ ತರಿಸಿದೆ.
ತಳದಲ್ಲಿ ಅಂಟಾರ್ಟಿಕಾ ಒಡೆದಿದೆ,
ಒಳಗೆ ಯಾವುದೋ ನಾಣ್ಯ ಗಲಗಲ.
ಅಭ್ಯಾಸಬಲ, ಮೊದಲು ನಡು ಅಳೆದೆ:
ಎಂಬತ್ತು ಸೆಂಟಿಮೀಟರ್.
ನನ್ನ ಗಿರಾಕಿಗಳಿಗಿಂತ ಭೂಮಿ ಸಪೂರ.
ಆಮೇಲೆ ಕೆಂಪು ನೂಲು ತೆಗೆದು
ಜಿದ್ದಾದ ಮೇಲೆ ಎಡ ಹೆಬ್ಬೆರಳು,
ಸಿಂಗಾಪುರದ ಚುಕ್ಕೆಗೆ ಬಲಗೈ ಉಗುರು ಒತ್ತಿ
ಬಿಗಿಯಾಗಿ ಎಳೆದೆ.
ಹದಿನೈದು ಸೆಂಟಿಮೀಟರಿಗೆ ಒಂದು ಚೂರು ಕಡಿಮೆ.
ಹುಡುಗ ಗುಣಿಸಿದ:
ಏಳು ಸಾವಿರದ ಮುನ್ನೂರೈವತ್ತು ಕಿಲೋಮೀಟರು,
ಒಂಬತ್ತು ಗಂಟೆ ಹಾರಾಟ.

ಮತ್ತೆ ಅವನೇ ಮೂಗು ತಾಗುವಷ್ಟು ಬಾಗಿ,
ಸುಹರಕ್ಕ, ನೂಲು ನಮ್ಮ ಮೇಲೇ ಹೋಗ್ತದೆ!

ಹೌದು.
ಮರಳು ದಾಟಿ, ಕಡಲು ದಾಟಿ,
ಕಾಸರಗೋಡಿನ ಆಚೀಚೆ ಎಲ್ಲೋ ದಡ ಹತ್ತಿ
ಒಂದೂ ಹೆಸರು ಬರೆಯದ ಜಾಗದಲ್ಲಿ
ಕೊಡಗಿನ ಮೇಲೆ ಮಲಗಿದೆ ನೂಲು.
ರೈಲು ಕೂಡ ಹತ್ತಿ ಬಾರದ ನಮ್ಮ ಬೆಟ್ಟದ ಮೇಲೆ.

ಹೊಲಿಯುವವಳಿಗೆ ಗೊತ್ತು,
ಎಳೆದ ನೂಲು ಬೇರೆ, ಮೈಗೆ ಕೂರುವ ಬಟ್ಟೆ ಬೇರೆ.
ಗಾಳಿಯಿದೆ, ಗಡಿಯಿದೆ,
ಎರಡು ಬೆರಳು ಬಿಟ್ಟೇ ಕತ್ತರಿಸಬೇಕು.
ಭೂಗೋಳದಲ್ಲಿ ಎರಡು ಬೆರಳೆಂದರೆ
ಮೈಸೂರೂ ಬಂತು, ಕಣ್ಣೂರೂ ಬಂತು, ಅರ್ಧ ದೇಶವೇ ಬಂತು.

ಆದರೂ ಲೆಕ್ಕ ಹಾಕಿದೆ.
ಅಲ್ಲಿ ರಾತ್ರಿ ಹತ್ತೂವರೆಗೆ ಹೊರಟರೆ
ಇಲ್ಲಿ ಆಗಲೇ ಒಂದು ಗಂಟೆ.
ನಮ್ಮ ತಲೆಯ ಮೇಲೆ ಐದೂಮುಕ್ಕಾಲಿಗೆ.

ಸುಬಹಿ ಬಾಂಗ್ ಮುಗಿದಿತ್ತು.
ತಾರಸಿಯಲ್ಲಿ ಮಂಜು, ಚಾಚಿದ ಕೈ ಮೊಣಕೈಗೇ ಮುಗಿಯುವಷ್ಟು.
ಕೆಳಗೆ ಹಾಲಿನ ಜೀಪು,
ದೂರದ ತೋಟದಲ್ಲಿ ಆನೆಗೆ ಹೊಡೆದ ಪಟಾಕಿ,
ಇವೆಲ್ಲದರ ಮೇಲೆ ಇನ್ನೇನೋ ಸದ್ದು,
ದಪ್ಪ ಬಟ್ಟೆಯ ಮೇಲೆ ಮೆಷಿನ್ನು ನಿಧಾನ ಓಡಿದಂತೆ.
ಅಕ್ಕಿ ಗಿರಣಿಯೂ ಇರಬಹುದು.
ಕೈ ಬೀಸಲಿಲ್ಲ.
ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡೆ, ಅಷ್ಟೆ,
ಮೇಲಿನಿಂದ ಯಾರಾದರೂ ನೋಡಿದರೆ
ಅಸ್ತವ್ಯಸ್ತ ಕಾಣಬಾರದು.

ಸಂಜೆ ಫೋನು. ತಲುಪಿದ್ದಾನೆ.
ಹೆಣ್ಣು ಮಗು, ಕಿವಿ ನಮ್ಮ ಕಡೆಯದು.
ಕಿಟಕಿ ಸೀಟು ಸಿಕ್ಕಿತ್ತಾ?
ಸಿಕ್ಕಿತ್ತು, ಇತ್ತಾ. ಊಟ ಕೊಟ್ಟರು, ನಿದ್ದೆ ಬಂತು.
ಎಚ್ಚರಾಗುವಾಗ ಇಳೀತಾ ಇತ್ತು.

ನೂಲು ಹಾಳು ಮಾಡಲಿಲ್ಲ.
ದೇಚಕ್ಕನ ಕೆಂಪು ರವಿಕೆಯ ಮೂರನೇ ಹುಕ್ಕಿಗೆ
ತುಸು ಜಗ್ಗಿ
ಸಾಲಿಸಿದೆ.